ನೆರಳುಗಂಬಕ್ಕೊಂದು ಕಲ್ಲು, ನೀರ್ಗಡಿಯಾರಕ್ಕೊಂದು ಬಟ್ಟಲು: ದೇಣಿಗೆ ಮನವಿ

ಸಹೃದಯರೇ,

ಚೀನಾ, ಕೊರಿಯಾ, ಜಪಾನ್‌ಗಳ ಖಗೋಳಶಾಸ್ತ್ರದ ಇತಿಹಾಸಕ್ಕೇ ಮೀಸಲಾದ ಸಂಗ್ರಹಾಲಯವೊಂದನ್ನು ಬೆಂಗಳೂರಿನಲ್ಲಿ ಕಟ್ಟಲು ನಮ್ಮ ಟ್ರಸ್ಟ್ ಹೊರಟಿದೆ. ಮೂಲ ವಸ್ತುಗಳು ಇರುವಲ್ಲೇ ಇರಲಿ. ನಾವು ಮಾಡಿಸುವುದು ಕೆಲಸ ಮಾಡುವ ಪ್ರತಿಕೃತಿಗಳನ್ನು.

ಮೊದಲನೆಯದು ನೆರಳುಗಂಬ, ಅಂದರೆ ಮಧ್ಯಾಹ್ನದ ನೆರಳಿನ ಉದ್ದ ಅಳೆಯಲು ನೆಟ್ಟ ಕಂಬ. ಚೀನಾದ ಹೆನಾನ್ ಪ್ರಾಂತ್ಯದ ದೆಂಗ್‌ಫೆಂಗ್‌ನಲ್ಲಿ ಖಗೋಳಜ್ಞ ಗುವೊ ಷೌಜಿಂಗ್ 13ನೇ ಶತಮಾನದಲ್ಲಿ ಕಟ್ಟಿಸಿದ ವೀಕ್ಷಣಾಲಯದಲ್ಲಿ ನೆರಳಳೆಯುವ ಕಲ್ಲುಪಟ್ಟಿಯೇ 31 ಮೀಟರ್ ಮೀರುತ್ತದೆ. ಕಂಬ ಎತ್ತರವಾದಷ್ಟೂ ನೆರಳಿನ ತುದಿ ಮಸುಕು, ಏಕೆಂದರೆ ಸೂರ್ಯ ಅರ್ಧ ಡಿಗ್ರಿ ಅಗಲದ ಬಿಂಬ. ಅದಕ್ಕೇ ಸೂಜಿರಂಧ್ರವಿರುವ ತಾಮ್ರದ ತಗಡನ್ನು ಪಟ್ಟಿಯ ಮೇಲೆ ಸರಿಸುತ್ತ, ಮೇಲಿನ ಅಡ್ಡಪಟ್ಟಿಯ ನೆರಳು ರಂಧ್ರದಿಂದ ಬಿದ್ದ ಸೂರ್ಯಬಿಂಬವನ್ನು ನಡುವೆ ಸೀಳುವ ಜಾಗವನ್ನು ಗುರುತಿಸುತ್ತಿದ್ದರು. ಚೀನಾದಲ್ಲಿ ಜಾರಿಗೆ ಬಂದ 1281ರ ಷೌಷಿ ಪಂಚಾಂಗದ ವರ್ಷಮಾನ 365.2425 ದಿನ. ಅದರ ಹಿಂದಿರುವುದು ಇಂಥ ಅಳತೆಗಳೇ.

ಅದನ್ನೇ ಯಥಾವತ್ತಾಗಿ ಇಲ್ಲಿ ನಿಲ್ಲಿಸಿದರೆ ಅರ್ಧ ಬೇಸಿಗೆ ಕೆಲಸಕ್ಕೆ ಬಾರದು. ದೆಂಗ್‌ಫೆಂಗ್ 34 ಡಿಗ್ರಿ ಅಕ್ಷಾಂಶದಲ್ಲಿದೆ, ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಬೆಂಗಳೂರು 13 ಡಿಗ್ರಿ. 2 ಮೀಟರ್ ಕಂಬದ ನೆರಳು ಡಿಸೆಂಬರ್ 21ರ ಆಸುಪಾಸಿನಲ್ಲಿ ಉತ್ತರಕ್ಕೆ ಸುಮಾರು 1.47 ಮೀಟರ್, ಜೂನ್ 21ರ ಹೊತ್ತಿಗೆ ದಕ್ಷಿಣಕ್ಕೆ 37 ಸೆಂ.ಮೀ. ಹೀಗಾಗಿ ನಮ್ಮ ಕಲ್ಲುಪಟ್ಟಿ ಕಂಬದ ಎರಡೂ ಕಡೆ ಚಾಚಬೇಕು, ಮಟ್ಟ ನೋಡಲು ಅದರಲ್ಲಿ ನೀರಿನ ಕಾಲುವೆ ಕೊರೆಯಬೇಕು. ಗ್ರಾನೈಟ್ ಕೊಡುವವರೂ ಕೆತ್ತುವವರೂ ಬೇಕಾಗಿದ್ದಾರೆ.

ಎರಡನೆಯದು ನೀರ್ಗಡಿಯಾರ. 11ನೇ ಶತಮಾನದಲ್ಲಿ ಚೀನಾದ ವಿದ್ವಾಂಸ ಸು ಸೊಂಗ್ ಆಗಿನ ರಾಜಧಾನಿ ಕೈಫೆಂಗ್‌ನಲ್ಲಿ ನಿಲ್ಲಿಸಿದ, ನೀರಿನಿಂದ ನಡೆಯುವ, ಸುಮಾರು 12 ಮೀಟರ್ ಎತ್ತರದ ಗಡಿಯಾರ ಗೋಪುರವನ್ನು ಕಾಲುಭಾಗದ ಅಳತೆಯಲ್ಲಿ ಮಾಡಿಸುತ್ತೇವೆ. ತೊಟ್ಟಿಯ ನೀರಿನ ಧಾರೆ ಬಿದ್ದು ತಿರುಗುವ ಅದರ ಚಕ್ರಕ್ಕೆ 36 ಬಟ್ಟಲು. ಒಂದೊಂದನ್ನು ಒಂದೊಂದು ಮನೆಯವರು ವಹಿಸಿಕೊಳ್ಳಬಹುದು. ತೊಟ್ಟಿಯ ನೀರಿನ ಮಟ್ಟ ಇಳಿದರೆ ಧಾರೆ ಸಣ್ಣದಾಗಿ ಗಡಿಯಾರ ಹಿಂದೆ ಬೀಳುತ್ತದೆ, ಆದ್ದರಿಂದ ಮಟ್ಟ ಕಾಯುವ ಎರಡನೇ ತೊಟ್ಟಿ ಬೇಕೇ ಬೇಕು. ಬೋರ್‌ವೆಲ್ ನೀರಂತೂ ಆಗದು: ಗಡಸು ನೀರಿನ ಸುಣ್ಣ ನಳಿಗೆಯಲ್ಲಿ ಕಟ್ಟಿ ಅದನ್ನು ಕಿರಿದಾಗಿಸುತ್ತದೆ. ಸೋಸಿದ ಮಳೆನೀರಿಗೆ ಸಂಪು ಕಟ್ಟಿಸಬೇಕು.

ನಕ್ಷತ್ರಪಟಗಳು ಮೂರು: ಲಂಡನ್ನಿನಲ್ಲಿರುವ ದುನ್‌ಹುವಾಂಗ್ ಸುರುಳಿ, 1247ರ ಸುಝೌ ಶಿಲಾಪಟ, 1395ರ ಕೊರಿಯಾದ ಶಿಲಾಪಟ. ಸುರುಳಿಯನ್ನು ಒಂದೇ ಶಾಯಿಯಲ್ಲಿ ಅಚ್ಚು ಹಾಕಿಸಬಾರದು. ಅದರ ಬಣ್ಣಗಳೇ ಮೂವರು ಪ್ರಾಚೀನ ಜ್ಯೋತಿರ್ವಿದರ ಪಟ್ಟಿಗಳನ್ನು ಬೇರ್ಪಡಿಸುತ್ತವೆ.

ಭಾರತೀಯ ಮೂಲದ ಗೌತಮ ಸಿದ್ಧ ಚೀನಾದ ಆಗಿನ ರಾಜಧಾನಿ ಚಾಂಗಾನ್‌ನ ಆಸ್ಥಾನದಲ್ಲಿದ್ದು, 718ರಲ್ಲಿ ನವಗ್ರಹ ಪಂಚಾಂಗವನ್ನು ಚೀನೀ ಭಾಷೆಗೆ ತಂದ. ಜ್ಯಾ (ಸೈನ್) ಕೋಷ್ಟಕವೂ ಸೊನ್ನೆಯ ಚುಕ್ಕಿಯೂ ಅದರಲ್ಲಿವೆ. ಆ ಭಾಗವನ್ನು ಕನ್ನಡದಲ್ಲಿ ವಿವರಿಸಲು ಹಳೆಯ ಚೀನೀ ಬಲ್ಲ ಅನುವಾದಕರಿಗೆ ಸಂಭಾವನೆ ಕೊಡಬೇಕಿದೆ.

ಹಣ, ಕಲ್ಲು, ತಾಮ್ರ, ದುಡಿಮೆ ಯಾವುದಾದರೂ ಸರಿ, ರಸೀದಿ ಕೊಡುತ್ತೇವೆ. ಮೊದಲು ಬಂದ ಹಣ ನೆರಳುಗಂಬದ ಅಡಿಪಾಯಕ್ಕೆ. ಒಂದು ಮಳೆಗಾಲ ಕಳೆದು ನೆಲ ಕೂತ ಮೇಲಷ್ಟೇ ಅಳತೆಗೆರೆಗಳನ್ನು ಕೊರೆಸುತ್ತೇವೆ.