ಮೂಗಿನ ದಾರಿ ಹೋಗುವುದು ಹಿಂದಕ್ಕೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕುಮಟಾದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಮಳೆ ಹಿಡಿಯಿತೆಂದರೆ ಸಾಕು, ಕೌಂಟರಿಗೆ ಬರುವವರಲ್ಲಿ ಮೂಗಿನ ದೂರು ಹೇಳುವವರೇ ಜಾಸ್ತಿ. 'ಅಕ್ಕಾ, ಮೂಗು ಕಟ್ಟಿದೆ, ಆ ಹನಿ ಕೊಡಿ.' 'ಅಕ್ಕಾ, ಸ್ಪ್ರೇ ಹೊಡೆದರೆ ರಕ್ತ ಬರ್ತದೆ.' 'ಅಕ್ಕಾ, ಹುಡುಗನ ಮೂಗಲ್ಲಿ ಮಾಂಸ ಬೆಳೆದಿದೆ.' ಇವರೆಲ್ಲರಿಗೂ ಬಾಯಲ್ಲಿ ಹೇಳುವುದಕ್ಕಿಂತ ಒಂದು ಚಿತ್ರ ತೋರಿಸಿದರೆ ಬೇಗ ಅರ್ಥವಾಗುತ್ತದೆ. ನಿಮ್ಮ ಆರೋಗ್ಯ ಪುಟದಲ್ಲಿ ಮೂಗನ್ನು ಉದ್ದಕ್ಕೆ ಸೀಳಿ ಒಳಗೆ ಏನಿದೆ ಎಂದು ತೋರಿಸುವ ದೊಡ್ಡ ಚಿತ್ರವೊಂದನ್ನು ಹಾಕಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೂಗು ಮುಖದ ಮೇಲೆ ಎದ್ದು ನಿಂತಿದೆ. ಹಾಗಾಗಿ ಅದರ ದಾರಿಯೂ ಹೊಳ್ಳೆಯಿಂದ ಮೇಲಕ್ಕೆ, ಹುಬ್ಬಿನ ಕಡೆಗೆ ಹೋಗುತ್ತದೆ ಅಂತ ಎಲ್ಲರ ಲೆಕ್ಕ. ಉಸಿರಿನ ಮುಖ್ಯ ದಾರಿ ಹೋಗುವುದು ಹಿಂದಕ್ಕೆ. ಬಾಯಿಯ ಅಂಗುಳವೇ ಮೂಗಿನ ನೆಲ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ ಹಿಂದಕ್ಕೆ ಎಳೆದು ನೋಡಿ, ಅದರ ಮೇಲೆಯೇ, ಅದೇ ದಿಕ್ಕಿನಲ್ಲಿ ಮೂಗಿನ ದಾರಿ ಸಾಗುತ್ತದೆ. ಕೊರೊನಾ ಕಾಲದಲ್ಲಿ ಸ್ವ್ಯಾಬ್ ಕಡ್ಡಿ ಹಾಕಿದಾಗ ಮೆದುಳಿಗೇ ಹೋಯಿತೇನೋ ಎಂದು ಎಷ್ಟು ಜನ ಹೆದರಿದ್ದರು! ಅದು ನೆಲ ಹಿಡಿದು ಹಿಂದಕ್ಕೆ ಹೋಗಿ ಗಂಟಲಿನ ಮೇಲ್ಭಾಗಕ್ಕೆ ತಾಗುತ್ತಿತ್ತು, ಅಷ್ಟೇ. ಜಲನೇತಿ ಮಾಡುವವರಿಗೂ ಇದರ ಅನುಭವ ಇರುತ್ತದೆ. ಒಂದು ಹೊಳ್ಳೆಗೆ ಬಿಟ್ಟ ನೀರು ನಡುಗೋಡೆಯ ಹಿಂದಿನ ತುದಿಯನ್ನು ಸುತ್ತಿ ಇನ್ನೊಂದರಿಂದ ಹೊರಗೆ ಬರುತ್ತದೆ. (ನೀರು ಕಾಯಿಸಿ ಆರಿಸಿದ್ದೇ ಆಗಬೇಕು. ಬಾವಿ ನೀರನ್ನು ಹಾಗೇ ಬಿಡಬೇಡಿ.) ಆ ಹಿಂದಿನ ಜಾಗದಲ್ಲೇ ಕಿವಿಗೆ ಹೋಗುವ ನಳಿಕೆಯ ಬಾಯಿಯೂ ಇದೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಕಿವಿ ಕಟ್ಟಿ, ಉಗುಳು ನುಂಗಿದರೆ ಬಿಟ್ಟುಕೊಳ್ಳುವುದು ಈ ನಳಿಕೆಯಿಂದ. ನೆಗಡಿ ಆದಾಗ ಎರಡೂ ಹೊಳ್ಳೆ ಮುಚ್ಚಿ ಜೋರಾಗಿ ಸೀಟಬೇಡಿ ಎನ್ನುವುದೂ ಇದಕ್ಕೇ.

ಇನ್ನು 'ಮಾಂಸ'ದ ವಿಷಯ. ಇದರ ಬಗ್ಗೆ ನನಗೆ ನಿಜಕ್ಕೂ ಕಳವಳ ಇದೆ. ಮೊಬೈಲ್ ಟಾರ್ಚ್ ಹಿಡಿದು ಮಗುವಿನ ಹೊಳ್ಳೆಯೊಳಗೆ ನೋಡುತ್ತಾರೆ. ಹೊರಗೋಡೆಯ ಕಡೆಯಿಂದ ಒಂದು ಕೆಂಪು ಉಬ್ಬು ಕಾಣುತ್ತದೆ. ದುರ್ಮಾಂಸ ಎಂದು ಎದೆ ಒಡೆದುಕೊಳ್ಳುತ್ತಾರೆ. ಅದು ಹುಟ್ಟಿನಿಂದಲೇ ಇರುವ ಭಾಗ. ಎರಡೂ ಬದಿಯ ಹೊರಗೋಡೆಯಿಂದ ಮೂರು ಮೂರು ಸುರುಳಿ ಎಲುಬು ಒಳಕ್ಕೆ ಚಾಚಿವೆ, ಒಂದರ ಕೆಳಗೆ ಒಂದು. ವೈದ್ಯರು ಟರ್ಬಿನೇಟ್ ಎನ್ನುತ್ತಾರೆ. ಕೆಳಗಿನದೇ ಎಲ್ಲಕ್ಕಿಂತ ದೊಡ್ಡದು, ಟಾರ್ಚಿಗೆ ಕಾಣುವುದೂ ಅದೇ. ಮೈತುಂಬ ರಕ್ತನಾಳ ಇರುವುದರಿಂದ ಕೆಂಪಗಿರುತ್ತದೆ, ನೆಗಡಿಯಲ್ಲಿ ಇನ್ನೂ ಊದುತ್ತದೆ. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಹಿಡಿದು ಕಳಿಸುವುದು ಅದರ ಕೆಲಸ. ನಿಜವಾದ ದುರ್ಮಾಂಸ, ಅಂದರೆ ಪಾಲಿಪ್, ಬೇರೆಯೇ. ಅದು ಬಿಳಿಚಿಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಹೊಳೆಯುತ್ತದೆ. ಚಿಕ್ಕ ಮಕ್ಕಳಲ್ಲಿ ಅಪರೂಪ. ಮಾಂಸ ಕರಗಿಸುವ ಹನಿ ಎಂದು ಯಾರಾದರೂ ಉರಿಯುವ ಔಷಧಿ ಕೊಟ್ಟರೆ ಹಾಕಬೇಡಿ, ದಯವಿಟ್ಟು. ಸುಡುವುದು ಒಳ್ಳೆಯ ಚರ್ಮವನ್ನೇ.

ಈ ಟರ್ಬಿನೇಟುಗಳು ಸುಮ್ನೆ ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು ಬದಿಯವು ಊದಿದಾಗ ಇನ್ನೊಂದು ಬದಿಯವು ಕುಗ್ಗುತ್ತವೆ, ಕೆಲವು ತಾಸು ಬಿಟ್ಟು ಅದಲು ಬದಲು. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲೇ ಇದನ್ನು ವಿವರಿಸಿ ಬರೆದಿದ್ದಾರೆ. ಮಗ್ಗುಲಾಗಿ ಮಲಗಿದರೆ ಕೆಳಗಾದ ಬದಿ ಕಟ್ಟುವುದೂ ಮಾಮೂಲು. ಒಂದೊಂದು ಹೊಳ್ಳೆ ಆಗಾಗ ಸ್ವಲ್ಪ ಕಟ್ಟುವುದಕ್ಕೆಲ್ಲ ಔಷಧಿ ಬೇಕಿಲ್ಲ, ಅಲ್ವಾ? ಆದರೆ ಜನ ಹನಿ ಕೇಳುತ್ತಾರೆ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಇರುವ ಹನಿಗಳು ಆ ರಕ್ತನಾಳಗಳನ್ನು ಬಿಗಿದು ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ. 3ರಿಂದ 5 ದಿನಕ್ಕಿಂತ ಜಾಸ್ತಿ ಹಾಕಿದರೆ ಔಷಧಿಯ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಊದುತ್ತವೆ. ಮತ್ತೆ ಹನಿ, ಮತ್ತೆ ಊತ. ದಿಂಬಿನ ಕೆಳಗೆ ಬಾಟಲಿ ಇಟ್ಟುಕೊಂಡು ಮಲಗುವವರು ನಮ್ಮಲ್ಲಿ ಕಮ್ಮಿ ಇಲ್ಲ. ಅಂಥವರಿಗೆ ಇನ್ನೊಂದು ಬಾಟಲಿ ಕೊಡದೆ ವೈದ್ಯರ ಹತ್ತಿರ ಕಳಿಸುತ್ತೇನೆ. ಸಿಟ್ಟು ಮಾಡಿಕೊಂಡು ಬೇರೆ ಅಂಗಡಿಗೆ ಹೋದರೂ ಅಡ್ಡಿಯಿಲ್ಲ.

ಅಲರ್ಜಿಗೆ ವೈದ್ಯರು ಬರೆದುಕೊಡುವ ಸ್ಪ್ರೇ ಬೇರೆ ಜಾತಿ. ಅದು ದಿನಾ ಹೊಡೆಯಬೇಕಾದದ್ದು, ಕೆಲಸ ತೋರಿಸಲು ಕೆಲವು ದಿನ ಬೇಕು. ಇಲ್ಲೇ ಒಳಗಿನ ನಕ್ಷೆ ಗೊತ್ತಿರಬೇಕು. ತಲೆ ಹಿಂದಕ್ಕೆ ಎತ್ತಿ ಮೇಲ್ಮುಖವಾಗಿ ಹೊಡೆದರೆ ಔಷಧಿ ನಡುಗೋಡೆಗೆ ಬಿದ್ದು ಅಲ್ಲಿ ಒಣಗಿ ರಕ್ತ ಬರುತ್ತದೆ. ಉಳಿದದ್ದು ಗಂಟಲಿಗೆ ಇಳಿಯುತ್ತದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ಸ್ಪ್ರೇ ಬಾಟಲಿಯ ಮೂತಿ ತಾನಾಗಿಯೇ ಕಿವಿಯ ಕಡೆಗೆ, ಅಂದರೆ ಟರ್ಬಿನೇಟಿನ ಕಡೆಗೆ ತಿರುಗುತ್ತದೆ. ಜೋರಾಗಿ ಎಳೆದುಕೊಳ್ಳಬೇಡಿ, ಮೆಲ್ಲಗೆ ಉಸಿರಾಡಿದರೆ ಸಾಕು.

ಬೇಸಿಗೆಯಲ್ಲಿ ಮಕ್ಕಳ ಮೂಗಿನಿಂದ ರಕ್ತ ಬಂದರೆ ಮೊದಲು ಮಾಡುವುದು ತಲೆ ಎತ್ತಿಸುವುದು, ನೆತ್ತಿಗೆ ನೀರು ತಟ್ಟುವುದು. ತಲೆ ಎತ್ತಿದರೆ ರಕ್ತ ನಿಲ್ಲುವುದಿಲ್ಲ, ಹಿಂದಿನ ದಾರಿಯಿಂದ ಗಂಟಲಿಗೆ ಹೋಗುತ್ತದೆ. ಮಗು ಅದನ್ನು ನುಂಗಿ ಆಮೇಲೆ ವಾಂತಿ ಮಾಡಿದಾಗ ಮನೆಯವರಿಗೆ ಇನ್ನೂ ಗಾಬರಿ. ಇಂಥ ರಕ್ತ ಹೆಚ್ಚಾಗಿ ಬರುವುದು ನಡುಗೋಡೆಯ ಮುಂದಿನ ತುದಿಯಿಂದ. ಅಲ್ಲಿ ಹಲವು ಸಣ್ಣ ರಕ್ತನಾಳಗಳು ಬಂದು ಕೂಡುತ್ತವೆ. ಅಮೆರಿಕದ ಶಸ್ತ್ರವೈದ್ಯ ಲಿಟ್ಲ್ 1879ರಲ್ಲಿ ಅದರ ಬಗ್ಗೆ ಬರೆದದ್ದರಿಂದ ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಮಗುವಿನ ಬೆರಳು ತಲುಪುವ ಜಾಗವೂ ಅದೇ. ಕೂರಿಸಿ, ಮುಂದಕ್ಕೆ ಬಾಗಿಸಿ, ಎಲುಬಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. 10ರಿಂದ 15 ನಿಮಿಷ, ನಡುವೆ ಬಿಟ್ಟು ನೋಡದೆ. ಮೇಲಿನ ಎಲುಬನ್ನು ಒತ್ತಿ ಪ್ರಯೋಜನವಿಲ್ಲ. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆಗೆ. ಬಿಪಿ ಇರುವ ಅಥವಾ ರಕ್ತ ತೆಳುವಾಗುವ ಮಾತ್ರೆ ತಿನ್ನುವ ಹಿರಿಯರಾದರೆ ತಡ ಮಾಡಲೇಬೇಡಿ.

ಕಣ್ಣಿಗೆ ಹನಿ ಹಾಕಿದರೆ ಗಂಟಲು ಕಹಿ ಆಗುತ್ತದಲ್ಲ, ಅದಕ್ಕೂ ಕಾರಣ ಇಲ್ಲೇ ಇದೆ. ಕಣ್ಣೀರಿನ ನಳಿಕೆ ಕೆಳಗಿನ ಟರ್ಬಿನೇಟಿನ ಅಡಿಯಲ್ಲಿ ತೆರೆದುಕೊಳ್ಳುತ್ತದೆ. ಹನಿ ಹಾಕಿ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಕಣ್ಣಲ್ಲೇ ಉಳಿಯುತ್ತದೆ.

ವಾಸನೆ ಹಿಡಿಯುವ ನರಗಳು ಮಾತ್ರ ಮೇಲೆ, ಮೂಗಿನ ಮಾಡಿನಲ್ಲಿ ಇವೆ. ಅಲ್ಲಿನ ಎಲುಬಿನ ಸಣ್ಣ ಸಣ್ಣ ತೂತುಗಳಿಂದ ಹಾದು ಮೆದುಳು ಸೇರುತ್ತವೆ. ಅಪ್ಪೆಹುಳಿ ಕುಡಿಯುವಾಗ ಒಮ್ಮೆ ಹೊಳ್ಳೆ ಒತ್ತಿ ಹಿಡಿದು ನೋಡಿ. ಬರೀ ಹುಳಿ, ಉಪ್ಪು, ಖಾರ ತಿಳಿಯುತ್ತದೆ. ಕೈ ಬಿಟ್ಟ ಕೂಡಲೇ ಅಪ್ಪೆಮಿಡಿಯ ಪರಿಮಳ ಬಾಯಿಯ ಹಿಂದಿನಿಂದ ಏರಿ ಬರುತ್ತದೆ. ನೆಗಡಿಯಲ್ಲಿ ಊಟ ಸಪ್ಪೆಯಾಗುವುದು ಹೀಗೆಯೇ.

ಕೊನೆಯದು, ಎಲ್ಲಕ್ಕಿಂತ ಅವಸರದ್ದು. ಮಕ್ಕಳು ಮೂಗಿಗೆ ಹುಣಸೆಬೀಜ, ಮಣಿ, ಕಡಲೆ ತುರುಕಿಕೊಳ್ಳುತ್ತಾರೆ. ಅದು ನಡುಗೋಡೆಗೂ ಕೆಳಗಿನ ಟರ್ಬಿನೇಟಿಗೂ ನಡುವೆ ಸಿಕ್ಕಿಬೀಳುತ್ತದೆ. ಹೇರ್‌ಪಿನ್ ಹಾಕಿ ಕೆದಕಿದರೆ ಆ ಸಪಾಟು ನೆಲದ ಮೇಲೆ ಇನ್ನೂ ಹಿಂದಕ್ಕೆ ಜಾರುತ್ತದೆ. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಒಳಗೆ ಏನೋ ಇದೆ ಎಂದೇ ತಿಳಿದು ವೈದ್ಯರಿಗೆ ತೋರಿಸಿ. ಆಟಿಕೆ, ರಿಮೋಟಿನ ಬಟನ್ ಬ್ಯಾಟರಿ ಆದರೆ ಬೆಳಗಾಗಲಿ ಎಂದು ಕಾಯಲೇಬಾರದು. ಅದು ಕೆಲವೇ ತಾಸುಗಳಲ್ಲಿ ನಡುಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು.

ಚಿತ್ರ ಹಾಕುವಾಗ ಪಕ್ಕದಿಂದ ಕಾಣುವ ಹಾಗೆ ಹಾಕಿ. ಅಂಗುಳ, ಮೂರು ಟರ್ಬಿನೇಟ್, ಕಿವಿಯ ನಳಿಕೆಯ ಬಾಯಿ ಸ್ಪಷ್ಟ ಕಾಣಲಿ. ನಡುಗೋಡೆಯನ್ನು ಪಕ್ಕದಲ್ಲಿ ಬೇರೆಯಾಗಿ ತೋರಿಸಿ ರಕ್ತ ಬರುವ ಜಾಗಕ್ಕೆ ಗುರುತು ಹಾಕಿ. ಕನ್ನಡದಲ್ಲೇ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿರಿ, ಕನ್ನಡಕ ಮರೆತು ಬರುವವರಿಗೂ ಓದಲು ಬರಲಿ. ಕತ್ತರಿಸಿ ಕೌಂಟರಿನ ಗಾಜಿಗೆ ಅಂಟಿಸುತ್ತೇನೆ. ಉಳಿದ ಔಷಧಿ ಅಂಗಡಿಯವರೂ, ಅಂಗನವಾಡಿಯವರೂ ಹಾಗೆ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ಓದುಗಳು,
ಔಷಧಿ ಅಂಗಡಿಯವಳು, ಕುಮಟಾ