ಲೈಸೆನ್ಸ್ ಸಿಕ್ಕರೆ ಹೆಸರು ಸಿಕ್ಕಂತಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮ ಬೀದಿಯ ಹುಡುಗನೊಬ್ಬ ತನ್ನ ಹೊಸ ದರ್ಶಿನಿಯ ಪೂಜೆಗೆ ಕರೆಯಲು ಬಂದಿದ್ದ. ಕಾರ್ಡ್ ನೋಡಿದೆ. ಹೆಸರು ಚೆನ್ನಾಗಿತ್ತು, ಬಾಯಲ್ಲಿ ಸಲೀಸಾಗಿ ಬರುವಂಥದ್ದು. "ಹೆಸರು ರಿಜಿಸ್ಟರ್ ಮಾಡಿಸಿದ್ಯಾ?" ಅಂದೆ. "ಎಲ್ಲಾ ಆಗಿದೆ ಅಕ್ಕಾ, ನಗರಸಭೆ ಲೈಸೆನ್ಸ್ ಬಂತು, ಫುಡ್ ಲೈಸೆನ್ಸ್ ಬಂತು, ಜಿಎಸ್‌ಟಿನೂ ಆಯ್ತು" ಅಂದ. ಮೂರು ವರ್ಷದ ಹಿಂದೆ ನಾನೂ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ. ಅದಕ್ಕೇ ಈ ಪತ್ರ.

ನಮ್ಮ ಹೋಟೆಲಿಗೆ ಮೊದಲು ಹೆಸರಿಟ್ಟವರು ನಮ್ಮ ಅತ್ತೆ. ಹಿಟ್ಟು ರುಬ್ಬುತ್ತಾ ಹೇಳಿದ ಹೆಸರು, ಮನೆಯವರಿಗೆಲ್ಲ ಹಿಡಿಸಿತು. ಬೇರೆಯವರ ಹೋಟೆಲಿನ ಹೆಸರೂ ಅದೇ ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಹನ್ನೊಂದು ತಿಂಗಳು ವ್ಯಾಪಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ವಕೀಲರ ನೋಟಿಸ್ ಬಂತು. ಬೇರೆ ಜಿಲ್ಲೆಯಲ್ಲಿ ಅದೇ ಹೆಸರಿನ ಹೋಟೆಲ್ ನಮಗಿಂತ ಎಷ್ಟೋ ವರ್ಷ ಮೊದಲಿಂದ ಇದೆ, ಹೆಸರು ಟ್ರೇಡ್‌ಮಾರ್ಕ್ ಆಗಿದೆ, ಅಂದರೆ ಈ ವ್ಯಾಪಾರಕ್ಕೆ ಆ ಹೆಸರು ತಮ್ಮದೇ ಅಂತ ಸರ್ಕಾರದಲ್ಲಿ ನೋಂದಾಯಿಸಿದ್ದಾರೆ, ಕೂಡಲೇ ನಿಲ್ಲಿಸಿ ಅಂತ. ನಾವು ಅವರದ್ದನ್ನು ನೋಡಿ ಇಟ್ಟಿರಲಿಲ್ಲ. ಅವರ ಹೋಟೆಲ್ ಇರುವುದೇ ನಮಗೆ ಗೊತ್ತಿರಲಿಲ್ಲ. ಆದರೂ ತಪ್ಪು ನಮ್ಮದೇ. ಹುಡುಕಿದ್ದರೆ ಅವತ್ತೇ ಸಿಗುತ್ತಿತ್ತು.

ಬೋರ್ಡ್, ಮೆನು, ಬಿಲ್ ಬುಕ್, ಪಾರ್ಸಲ್ ಕವರ್ ಎಲ್ಲಾ ಬದಲಾಯಿಸಲು 80 ಸಾವಿರದ ಹತ್ತಿರ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಲೋಟಗಳ ವಿಷಯದಲ್ಲಿ. ಪಾತ್ರೆ ಅಂಗಡಿಯಲ್ಲಿ ಇನ್ನೂರು ಸ್ಟೀಲ್ ಲೋಟಕ್ಕೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ದೆವು, ಅತ್ತೆಯೇ ಪಕ್ಕದಲ್ಲಿ ಕೂತು ಒಂದೊಂದನ್ನೂ ತಿರುಗಿಸಿ ನೋಡಿ ತಂದಿದ್ದರು. ಆ ಹೆಸರು ಅಳಿಸಲು ಆಗುವುದಿಲ್ಲ, ಉಜ್ಜಿಸಿದರೆ ಲೋಟವೇ ಗೀರು ಗೀರು. ಕೊನೆಗೆ ಹಳೇ ಸ್ಟೀಲಿನ ತೂಕಕ್ಕೆ ಹಾಕಿ ಬಂದೆವು. ಇನ್ನು ಗಿರಾಕಿಗಳು. ದಿನಾ ಬರುವವರೇ ಹೊಸ ಬೋರ್ಡ್ ನೋಡಿ, ಮಾಲೀಕರು ಬದಲಾದರಾ, ಸಾಂಬಾರ್ ಅದೇನಾ ಅಂತ ಕೇಳಿ ಕೇಳಿ ಒಳಗೆ ಬರುತ್ತಿದ್ದರು. ಕೆಲವರು ಕೇಳದೇ ಪಕ್ಕದ ಹೋಟೆಲಿಗೆ ಹೋದರು.

ಈ ಕಾಗದಗಳು ಬೇರೆ ಬೇರೆ ಅನ್ನುವುದು ಆಗ ಗೊತ್ತಾಯಿತು. ನಗರಸಭೆಯ ಲೈಸೆನ್ಸ್ ಇರುವುದು ಆ ಜಾಗದಲ್ಲಿ ಆ ವ್ಯಾಪಾರ ಮಾಡುವುದಕ್ಕೆ. ಫುಡ್ ಲೈಸೆನ್ಸ್, ಅಂದರೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನವರ 14 ಅಂಕಿಯ ನಂಬರ್, ಊಟ ತಿಂಡಿಗೆ ಸಂಬಂಧಪಟ್ಟದ್ದು, ಜಿಎಸ್‌ಟಿ ತೆರಿಗೆಗೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿದರೂ ಬೋರ್ಡಿನ ಮೇಲಿನ ಹೆಸರು ನಿಮ್ಮದಾಗುವುದಿಲ್ಲ. ಹೆಸರಿಗೆ ಇರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಅದರಲ್ಲಿ ಸರಕು, ಸೇವೆಗಳನ್ನು ಕ್ಲಾಸ್ ಅಂತ ಗುಂಪು ಮಾಡಿದ್ದಾರೆ, ಹೋಟೆಲ್ ಸೇವೆಗೆ 43ನೇ ಕ್ಲಾಸ್. ಅದೇ ಹೆಸರಲ್ಲಿ ಸಾಂಬಾರ್ ಪುಡಿ, ಕಾಫಿ ಪುಡಿ ಪ್ಯಾಕ್ ಮಾಡಿ ಮಾರುವ ಆಸೆ ಇದ್ದರೆ 30ನೇ ಕ್ಲಾಸ್‌ನಲ್ಲೂ ಅರ್ಜಿ ಹಾಕಬೇಕು, ಅದಕ್ಕೆ ಬೇರೆ ಶುಲ್ಕ.

ಹುಡುಕುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ ಒಂದೇ ಥರ ಬರೆದು ಬಿಟ್ಟುಬಿಡಬೇಡಿ. ರುಚಿ ಅನ್ನುವುದನ್ನೇ ಒಬ್ಬರು ಒಂದು 'ಯು' ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಎರಡು 'ಓ' ಹಾಕಿರುತ್ತಾರೆ, ಮತ್ತೊಬ್ಬರು ಪದ ಒಡೆದು ಬರೆದಿರುತ್ತಾರೆ. ಉಚ್ಚಾರಣೆ ಹಿಡಿದು ಹುಡುಕುವ ವ್ಯವಸ್ಥೆಯೂ ಅಲ್ಲೇ ಇದೆ, ಅದನ್ನೂ ಬಳಸಿ. ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವತ್ತೇ ನೋಡಿದೆ. 43ನೇ ಕ್ಲಾಸ್‌ನಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸದ ಹೆಸರು ಸಿಕ್ಕಿತು. ಪಾಪ, ಮುಖ ಸಣ್ಣದಾಯಿತು. ಪುಣ್ಯಕ್ಕೆ ಬೋರ್ಡ್ ಇನ್ನೂ ಬರೆಸಿರಲಿಲ್ಲ.

ಎಂಥ ಹೆಸರು ಇಡಬೇಕು ಅನ್ನುವುದಕ್ಕೂ ಯೋಚನೆ ಬೇಕು. ಉಡುಪಿ, ದಾವಣಗೆರೆ ಬೆಣ್ಣೆ ದೋಸೆ, ಶುದ್ಧ ಸಸ್ಯಾಹಾರಿ, ಇವೆಲ್ಲ ಊರಿನ ಹೆಸರು ಅಥವಾ ತಿಂಡಿಯ ವಿವರ. ಬೋರ್ಡಿನಲ್ಲಿ ಬರೆದುಕೊಳ್ಳಬಹುದು, ಆದರೆ ಬರೀ ಅಷ್ಟೇ ಇಟ್ಟರೆ 'ಇದು ನಮ್ಮದು, ನೀವು ಇಡಬೇಡಿ' ಅಂತ ಇನ್ನೊಬ್ಬರಿಗೆ ಹೇಳುವುದು ಕಷ್ಟ. ದೇವರ ಹೆಸರಿನದ್ದೂ ಹೆಚ್ಚುಕಡಿಮೆ ಇದೇ ಕಥೆ, ಊರಿಗೆ ನಾಲ್ಕು ಇರುತ್ತವೆ. 'ರಾಮಾಯಣ' ಅನ್ನುವ ಹೆಸರನ್ನು ಊದುಬತ್ತಿಗೆ ಒಬ್ಬರೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಬಿಡುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

ನಮ್ಮ ರಾಜ್ಯದ್ದೇ ಒಂದು ದೊಡ್ಡ ಕೇಸಿದೆ, ಹೋಟೆಲಿನವರೆಲ್ಲ ತಿಳಿದಿರಬೇಕು. ಕೆಎಂಎಫ್ 1985ರಿಂದ ನಂದಿನಿ ಹೆಸರಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು. ಹೋಟೆಲಿನವರು ರಿಜಿಸ್ಟರ್ ಮಾಡಿಸಲು ಹೋದಾಗ ಕೆಎಂಎಫ್ ತಕರಾರು ತೆಗೆಯಿತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಜುಲೈಯಲ್ಲಿ ಹೋಟೆಲಿನವರ ಪರ ತೀರ್ಪಾಯಿತು. ಅವರ ವ್ಯಾಪಾರ ಬೇರೆ, ಇವರದ್ದು ಬೇರೆ, ಚಿಹ್ನೆಯೂ ಬೇರೆ, ನಂದಿನಿ ಅನ್ನುವುದು ಮೊದಲಿಂದ ಜನರಲ್ಲಿರುವ ಹೆಸರು ಅಂತ ಕೋರ್ಟ್ ನೋಡಿತು. ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ಆ ಹೆಸರು ಇಲ್ಲ. ಅವರು ಅಷ್ಟು ವರ್ಷ ಹೋರಾಡಿದರು ಸರಿ, ಆರು ಟೇಬಲ್ ಇಟ್ಟುಕೊಂಡಿರುವ ನಮ್ಮಂಥವರಿಗೆ ಆಗುತ್ತಾ?

ಹಾಗಂತ ನೋಟಿಸ್ ಬಂದ ಕೂಡಲೇ ಹೆದರಿ ಬೋರ್ಡ್ ಇಳಿಸಬೇಕಿಲ್ಲ. ಅವರು ಬಳಸುವುದಕ್ಕೂ ಅರ್ಜಿ ಹಾಕುವುದಕ್ಕೂ ಮುಂಚಿನಿಂದಲೇ ನೀವು ಆ ಹೆಸರು ಬಿಡದೆ ಬಳಸುತ್ತಿದ್ದರೆ ಕಾಯ್ದೆಯ 34ನೇ ಸೆಕ್ಷನ್ ನಿಮ್ಮ ಕಡೆ ಇದೆ. ಅದಕ್ಕೆ ಸಾಕ್ಷಿ ಬೇಕು. ಮೊದಲ ದಿನದ ಬಿಲ್, ತಾರೀಖು ಇರುವ ಪಾಂಪ್ಲೆಟ್, ಪೇಪರಿನ ಜಾಹೀರಾತು, ಎಲ್ಲವನ್ನೂ ಎತ್ತಿಡಿ. ನಮ್ಮದು ಅವರಿಗಿಂತ ಹಿಂದಿನದ್ದಲ್ಲ, ಹಾಗಾಗಿ ಬಿಟ್ಟುಕೊಟ್ಟೆವು.

ಈಗ ನಮ್ಮ ಹೋಟೆಲಿನ ಹೆಸರು 'ಹೊಂಗೆ ನೆರಳು'. ಮುಂದೆ ಒಂದು ಹೊಂಗೆ ಮರ ಇದೆ, ಜನ ಅದರ ಕೆಳಗೇ ಗಾಡಿ ನಿಲ್ಲಿಸುತ್ತಾರೆ. ತಿಂಡಿಗೂ ಆ ಹೆಸರಿಗೂ ಸಂಬಂಧ ಇಲ್ಲದಿರುವುದೇ ಒಳ್ಳೇದಾಯಿತು ಎಂದು ಅರ್ಜಿ ಹಾಕಿಕೊಟ್ಟವರು ಹೇಳಿದರು. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮದವರಿಗೆ ಒಂದು ಕ್ಲಾಸಿಗೆ 4,500 ರೂಪಾಯಿ. ಹೆಸರನ್ನು ಕನ್ನಡ ಅಕ್ಷರದಲ್ಲೇ ಹಾಕಿದೆವು, ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದುಕೊಟ್ಟರೆ ಆಯಿತು. ಪರಿಶೀಲನೆಯಲ್ಲಿ ಆಕ್ಷೇಪ ಬಂದರೆ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು, ಇದನ್ನು ಮರೆತವರೇ ಜಾಸ್ತಿ ಕಳೆದುಕೊಳ್ಳುವುದು. ಆಮೇಲೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ನಾಲ್ಕು ತಿಂಗಳಲ್ಲಿ ಯಾರೂ ವಿರೋಧ ಮಾಡದಿದ್ದರೆ ಸರ್ಟಿಫಿಕೇಟ್. ಹತ್ತು ವರ್ಷಕ್ಕೊಮ್ಮೆ ರಿನ್ಯೂವಲ್. ಸರ್ಟಿಫಿಕೇಟ್ ಬರುವ ಮುಂಚೆ ಹೆಸರಿನ ಪಕ್ಕ 'ಟಿಎಂ' ಹಾಕಿಕೊಳ್ಳಬಹುದು. ರಿಜಿಸ್ಟರ್ ಆಗಿದೆ ಅನ್ನುವ ವೃತ್ತದೊಳಗಿನ 'ಆರ್' ಮಾತ್ರ ಆಗ ಹಾಕುವಂತಿಲ್ಲ, ಅದು ಕಾನೂನಿಗೆ ವಿರುದ್ಧ.

ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದಿದಾಗ ನಮ್ಮೂರಲ್ಲಿ ಅಂಗಡಿ ಅಂಗಡಿಗೂ ಬಂದು ಹೇಳಿದರು. ಬಹಳ ಒಳ್ಳೆಯ ಕೆಲಸ. ಹಾಗೇ ಇದನ್ನೂ ಹೇಳಬಹುದಲ್ವಾ? ಲೈಸೆನ್ಸ್ ಅರ್ಜಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ: ಈ ಲೈಸೆನ್ಸಿನಿಂದ ಹೆಸರಿನ ಹಕ್ಕು ಬರುವುದಿಲ್ಲ, ಮೊದಲು ಇಂಥ ಕಡೆ ಹುಡುಕಿ ಅಂತ. ನಮ್ಮ ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಅಲ್ಲಿಗೆ ಫೋನ್ ಮಾಡಿ ಕೇಳಲು ಎಷ್ಟು ಜನಕ್ಕೆ ಧೈರ್ಯ ಬರುತ್ತದೆ? ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಾರಕ್ಕೆ ಒಂದು ದಿನ ಕನ್ನಡದಲ್ಲಿ ವಿವರಿಸುವವರು ಒಬ್ಬರು ಕೂತರೆ ಸಾಕು. ಹೋಟೆಲ್ ಮಾಲೀಕರ ಸಂಘಗಳೂ ಇದನ್ನು ಕೈಗೆತ್ತಿಕೊಳ್ಳಲಿ.

ಅಲ್ಲಿಯವರೆಗೆ ನಮ್ಮೂರಿನ ಕಡೆಯವರು ಯಾರಾದರೂ ಹೊಸ ಹೋಟೆಲಿಗೆ ಹೆಸರು ಯೋಚಿಸಿಕೊಂಡಿದ್ದರೆ ಬನ್ನಿ, ನಾನೇ ಜೊತೆಗೆ ಕೂತು ಹುಡುಕಿಕೊಡುತ್ತೇನೆ. ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮಲ್ಲಿ ಗಿರಾಕಿ ಕಡಿಮೆ.

– ಹೋಟೆಲ್ ನಡೆಸುವ ಮಹಿಳೆ, ತಿಪಟೂರು