ವಿಯೆನ್ನಾಕ್ಕೆ ಹೋಗುವವರು ಅರ್ಧ ದಿನಕ್ಕೆ ಹೋಗಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಯುರೋಪ್ ಟೂರ್ ಬಗ್ಗೆ ಬಂದ ಬರಹ ಓದಿದೆ. ಪ್ಯಾರಿಸ್‌ಗೆ ಅರ್ಧ ಪುಟ, ಸ್ವಿಟ್ಜರ್‌ಲ್ಯಾಂಡಿಗೆ ಅರ್ಧ ಪುಟ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಮಾತ್ರ ನಾಲ್ಕೇ ಸಾಲು. ಅರಮನೆ ಇದೆ, ಸಂಗೀತಕ್ಕೆ ಹೆಸರುವಾಸಿ, ಅರ್ಧ ದಿನ ಸಾಕು ಅಂತ ಬರೆದಿದ್ದಾರೆ. ಆ ಮಾತು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಈ ಪತ್ರ.

ನಾವು ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರು. ನಮ್ಮ ಕಡೆಯಿಂದ ಈಗ ಯುರೋಪಿಗೆ ಹೋಗುವವರು ಜಾಸ್ತಿ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ ನಮ್ಮ ನೆಂಟರಲ್ಲೇ ಮೂರು ಮನೆಯವರು ಹೋಗಿ ಬಂದರು. ಎಲ್ಲರೂ ಹೋಗುವುದು ಟೂರ್ ಕಂಪನಿಯ ಬಸ್ಸಿನಲ್ಲಿ. ನಾನೂ ನಮ್ಮನೆಯವರೂ ಮೊದಲ ಸಲ ಹೋಗಿದ್ದು ಹಾಗೆಯೇ. ವಿಯೆನ್ನಾದಲ್ಲಿ ಬಸ್ಸು ನಿಂತಿದ್ದು ಮೂರು ಗಂಟೆ. ದೊಡ್ಡ ಚರ್ಚಿನ ಒಳಗೆ ಕರೆದುಕೊಂಡು ಹೋಗುತ್ತೇವೆ, ಹಳೆಯ ಕಾಫಿ ಹೌಸಿನಲ್ಲಿ ಕೂರಿಸುತ್ತೇವೆ ಅಂತ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಎರಡೂ ಆಗಲಿಲ್ಲ. ಅರಮನೆಯ ಗೇಟಿನ ಮುಂದೆ ಫೋಟೋ, ಚಾಕೊಲೇಟ್ ಅಂಗಡಿ, ಮತ್ತೆ ಬಸ್ಸು, ಅಷ್ಟೇ. ಕೇಳಿದರೆ ಟೈಮಿಲ್ಲ ಅಂದರು.

ಆಮೇಲೆ ಮಗಳಿಗೆ ಅಲ್ಲೇ ಕೆಲಸ ಸಿಕ್ಕಿತು. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂ ಮಳೆಯೂ ಬಂದ ಮೇಲೆ, ಏಪ್ರಿಲ್ ಕೊನೆಯಲ್ಲಿ ಹೋಗಿ ಮೂರು ವಾರ ಇದ್ದೆವು. ಆಗಲೇ ನನಗೆ ಗೊತ್ತಾಗಿದ್ದು, ಮೊದಲ ಸಲ ನಾವು ಆ ಊರನ್ನು ನೋಡಿಯೇ ಇರಲಿಲ್ಲ ಅಂತ.

ಕಾಫಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮಗೂ ಆ ಊರಿಗೂ ಇರುವ ನಂಟು ಅದು. 1683ರಲ್ಲಿ ತುರ್ಕಿ ಸೈನ್ಯ ವಿಯೆನ್ನಾವನ್ನು ಮುತ್ತಿತ್ತು. ಸೋತು ಓಡುವಾಗ ಅವರು ಬಿಟ್ಟುಹೋದ ಮೂಟೆಗಳಲ್ಲಿ ಕಾಫಿ ಬೀಜ ಇತ್ತು, ಅದರಿಂದಲೇ ಊರಿನ ಮೊದಲ ಕಾಫಿ ಅಂಗಡಿ ಹುಟ್ಟಿತು ಅನ್ನೋ ಕತೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಇತಿಹಾಸಕಾರರು ಹೇಳುವುದು ಬೇರೆ. 1685ರಲ್ಲಿ ಯೋಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯಾ ಮೂಲದ ವ್ಯಾಪಾರಿಗೆ ಕಾಫಿ ಮಾರಲು ಮೊದಲ ಪರವಾನಗಿ ಸಿಕ್ಕಿತು. ಇನ್ನು ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಊರಿದ್ದು 1670ರ ಆಸುಪಾಸು ಅಂತ ಹೇಳುತ್ತಾರೆ. ಅಂದರೆ ನಮ್ಮ ಬೆಟ್ಟದಲ್ಲಿ ಗಿಡ ಬೇರು ಬಿಡುವ ಕಾಲಕ್ಕೇ ಅಲ್ಲಿ ಕಾಫಿ ಬಟ್ಟಲಿಗೆ ಬಂತು. ನಾವು ಬೆಳೆಯುವುದನ್ನು ಕಲಿತೆವು, ಅವರು ಕೂತು ಕುಡಿಯುವುದನ್ನು ಕಲಿತರು.

ಅಲ್ಲಿ ಬರೀ 'ಒಂದು ಕಾಫಿ' ಅಂದರೆ ಸಾಲದು. ಯಾವುದು ಅಂತ ಹೇಳಬೇಕು. ಮೆಲಾಂಜ್ ಅಂದರೆ ಹಾಲು, ಮೇಲೆ ಹಾಲಿನ ನೊರೆ ಇರುವ ಕಾಫಿ, ನಮ್ಮ ನಾಲಿಗೆಗೆ ಹತ್ತಿರದ್ದು. ಶ್ವಾರ್ಟ್ಸರ್ ಅಂದರೆ ಕಪ್ಪು ಕಾಫಿ. ಬ್ರೌನರ್ ಅಂದರೆ ಅದಕ್ಕೆ ಸ್ವಲ್ಪ ಹಾಲು ಅಥವಾ ಕೆನೆ. ಐನ್‌ಶ್ಪೆನ್ನರ್ ಅಂತ ಇನ್ನೊಂದಿದೆ. ಗಾಜಿನ ಲೋಟದಲ್ಲಿ ಕಡುಕಾಫಿ, ಮೇಲೆ ದಪ್ಪಗೆ ಕಡೆದ ಕೆನೆ. ಐನ್‌ಶ್ಪೆನ್ನರ್ ಅಂದರೆ ಒಂಟಿ ಕುದುರೆ ಗಾಡಿ. ಗಾಡಿಯವರು ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದರಂತೆ, ಕೆನೆಯ ಮುಚ್ಚಳದಿಂದ ಕಾಫಿ ಬೇಗ ಆರುತ್ತಿರಲಿಲ್ಲವಂತೆ. ಯಾವುದನ್ನೇ ತಂದರೂ ಒಂದು ಸಣ್ಣ ತಟ್ಟೆಯಲ್ಲಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ತರುತ್ತಾರೆ. ಒಂದೇ ಕಾಫಿ ಇಟ್ಟುಕೊಂಡು ಎರಡು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಮರದ ಹಿಡಿಗೆ ಸಿಕ್ಕಿಸಿದ ದಿನಪತ್ರಿಕೆಗಳು ಇರುತ್ತವೆ, ಅವನ್ನು ತಂದು ಓದಬಹುದು. 2011ರಲ್ಲಿ ಆಸ್ಟ್ರಿಯಾ ಈ ಕಾಫಿ ಹೌಸ್ ಪದ್ಧತಿಯನ್ನೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

1876ರ ಕೆಫೆ ಸೆಂಟ್ರಲ್‌ನಲ್ಲಿ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಚದುರಂಗ ಆಡುತ್ತಿದ್ದರು. ಈಗ ಅಲ್ಲಿ ಬಾಗಿಲಲ್ಲಿ ಉದ್ದ ಸಾಲು. ನನ್ನ ಮಾತು ಕೇಳುವುದಾದರೆ 1880ರಲ್ಲಿ ಶುರುವಾದ ಕೆಫೆ ಶ್ಪೆರ್ಲ್‌ಗೆ ಹೋಗಿ. ಹಳೆಯ ಬಿಲಿಯರ್ಡ್ಸ್ ಮೇಜು, ಸವೆದ ಸೋಫಾ, ಮಧ್ಯಾಹ್ನದ ಬೆಳಕು. ಜೊತೆಗೆ ಸೇಬು ತುಂಬಿ ಸುತ್ತಿದ ಆಪಲ್ ಶ್ಟ್ರೂಡೆಲ್ ತಗೊಳ್ಳಿ. ಎಲ್ಲರೂ ಹೇಳುವ ಸಾಖರ್ ಅನ್ನೋ ಚಾಕೊಲೇಟ್ ಕೇಕ್ 1832ರಿಂದ ಇದೆ, ತಿನ್ನಲೇಬೇಕು ಅಂತ ಹೋದೆವು, ನನಗೆ ಒಣಗಿದ ಹಾಗೆ ಅನಿಸಿತು. ಅದರ ಜೊತೆ ಕೊಡುವ ಕೆನೆ ಇಲ್ಲದಿದ್ದರೆ ನುಂಗುವುದು ಕಷ್ಟ.

ಇಲ್ಲಿ ಮಧ್ಯೆ ಒಂದು ಮಾತು. ನಮ್ಮ ಚಿಕ್ಕಮಗಳೂರಿನಲ್ಲಿ ಪ್ರವಾಸಿಗರಿಗೆ ಕಾಫಿ ಅಂಗಡಿ ಬೇಕಾದಷ್ಟಿವೆ. ಆದರೆ ವಯಸ್ಸಾದವರು, ಕಾಲೇಜು ಮಕ್ಕಳು, ತೋಟದ ಕೆಲಸ ಮುಗಿಸಿ ಪೇಟೆಗೆ ಬಂದವರು ಒಂದು ಕಾಫಿ ಹೇಳಿ, ನಾಲ್ಕು ಪತ್ರಿಕೆ ಹರಡಿಕೊಂಡು, ಬಿಲ್ಲಿನ ಭಯವಿಲ್ಲದೆ ಕೂರುವ ಜಾಗ ಎಲ್ಲಿದೆ? ಕಾಫಿ ಬೆಳೆಯುವ ಊರಲ್ಲಿ ಅಂಥದ್ದೊಂದು ಇರಬೇಕಿತ್ತು ಅಲ್ವಾ? ನಗರಸಭೆಯೋ ಬೆಳೆಗಾರರ ಸಂಘಗಳೋ ಇದನ್ನು ಯೋಚಿಸಲಿ ಅಂತ ನನ್ನ ಆಸೆ.

ಕಾಫಿ ಜೊತೆ ಕೊಡುವ ಆ ನೀರಿನ ಬಗ್ಗೆಯೂ ಹೇಳಲೇಬೇಕು. ಅದು ನಲ್ಲಿ ನೀರು. ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಬರುತ್ತದೆ. ಹಿಂದೆ ಊರಿನಲ್ಲಿ ಕೆಟ್ಟ ಬಾವಿ ನೀರಿನಿಂದ ಕಾಲರಾ, ಟೈಫಾಯಿಡ್ ಹರಡುತ್ತಿತ್ತು. ಎಡುವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ ಪಟ್ಟು ಹಿಡಿದು ಬೆಟ್ಟದ ನೀರನ್ನು ಊರಿಗೆ ತರಿಸಿದರು. 1873ರಲ್ಲಿ ಮೊದಲ ಕಾಲುವೆ, 1910ರಲ್ಲಿ ಎರಡನೆಯದು. ಎರಡನೆಯದರ ಉದ್ದ ಸುಮಾರು 180 ಕಿಲೋಮೀಟರ್. ಪಂಪಿನಿಂದ ಎಳೆದು ತರುವುದಲ್ಲ, ಇಳಿಜಾರಿನಲ್ಲೇ ಹರಿದು ಬರುತ್ತದೆ. ನೀರು ಹುಟ್ಟುವ ಕಾಡನ್ನು ನಗರದ ಆಡಳಿತವೇ ಕಾಯುತ್ತದೆ. ಬೀದಿಯಲ್ಲಿ ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ, ಖಾಲಿ ಬಾಟಲಿ ಇಟ್ಟುಕೊಂಡರೆ ಸಾಕು. ಹೇಮಾವತಿ ನಮ್ಮ ತಾಲೂಕಿನಲ್ಲೇ ಹುಟ್ಟುತ್ತಾಳೆ. ನಾವು ಮದುವೆ ಮನೆಯ ಪ್ರತಿ ಎಲೆಗೂ ಒಂದು ಪ್ಲಾಸ್ಟಿಕ್ ಬಾಟಲಿ ಇಡುತ್ತೇವೆ. ಆ ನಲ್ಲಿಯ ನೀರು ಕುಡಿಯುವಾಗ ನನಗೆ ಇದೇ ನೆನಪಾಗಿ ಸಂಕಟವಾಯಿತು.

ಊರು ತಿರುಗುವುದು ಸುಲಭ. ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ದುಬಾರಿ ಸ್ಪೆಷಲ್ ರೈಲಿನ ಜಾಹೀರಾತು ಎಲ್ಲ ಕಡೆ ಕಾಣುತ್ತದೆ. ಎಸ್7 ಅನ್ನೋ ಸಾಮಾನ್ಯ ರೈಲೂ ಅದೇ ಜಾಗಕ್ಕೆ ಬರುತ್ತದೆ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ದುಡ್ಡು ತುಂಬಾ ಕಡಿಮೆ. ಮೆಟ್ರೋದಲ್ಲಿ ನಮ್ಮ ಬೆಂಗಳೂರಿನ ಹಾಗೆ ಗೇಟ್ ಇಲ್ಲ, ಸೀದಾ ಒಳಗೆ ಹೋಗಬಹುದು. ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ, ತಗೊಂಡ ಟಿಕೆಟ್‌ಗೆ ಮುದ್ರೆ ಬೇಕಿದ್ದರೆ ಹಾಕಿಸಲೂ ಮರೆಯಬೇಡಿ, ಯಾಕೆಂದರೆ ಮಫ್ತಿಯಲ್ಲಿ ಬರುವ ಚೆಕಿಂಗ್‌ನವರು ಹಿಡಿದರೆ ದಂಡ ನೂರು ಯೂರೋ ಮೇಲೆ. 2012ರಿಂದ ಹಲವು ವರ್ಷ ಅಲ್ಲಿನ ವರ್ಷದ ಪಾಸಿಗೆ 365 ಯೂರೋ ಇತ್ತು, ದಿನಕ್ಕೆ ಒಂದೇ ಯೂರೋ. ಕಾರಿದ್ದವರೂ ಟ್ರಾಮ್ ಹತ್ತುವುದು ಇದಕ್ಕೇ ಇರಬೇಕು.

ಮೊದಲ ದಿನ ಏನೂ ನೋಡಬೇಡಿ, ಟ್ರಾಮಿನಲ್ಲಿ ಕಿಟಕಿ ಪಕ್ಕ ಕೂತು ರಿಂಗ್ ರಸ್ತೆಯಲ್ಲಿ ಹೋಗಿ. ಮೊದಲು ಅಲ್ಲಿ ಊರಿನ ಕೋಟೆ ಗೋಡೆ ಇತ್ತು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಅದನ್ನು ಕೆಡವಲು ಅಪ್ಪಣೆ ಕೊಟ್ಟರು, 1865ರಲ್ಲಿ ಅಗಲವಾದ ರಸ್ತೆ ತೆರೆಯಿತು. ಒಪೆರಾ (ಹಾಡಿನ ನಾಟಕದ ರಂಗಮಂದಿರ), ಸಂಸತ್ತು, ವಿಶ್ವವಿದ್ಯಾಲಯ, ಮ್ಯೂಸಿಯಂ ಎಲ್ಲ ಅದರ ಅಕ್ಕಪಕ್ಕ. ಒಂದು ಮಾತು, ಡ್ಯಾನ್ಯೂಬ್ ನದಿ ಊರಿನ ನಡುವೆ ಹರಿಯುತ್ತದೆ ಅಂದುಕೊಂಡು ಹೋಗಬೇಡಿ. ಹಳೆಯ ಊರಿನ ಪಕ್ಕ ಇರುವುದು ಅದರ ಕವಲು. ದೊಡ್ಡ ನದಿ ನೋಡಲು ಮೆಟ್ರೋ ಹಿಡಿಯಬೇಕು. ಅಲ್ಲಿ ಪ್ರವಾಹ ತಡೆಯಲು ಮಾಡಿದ 21 ಕಿಲೋಮೀಟರ್ ಉದ್ದದ ದ್ವೀಪ ಇದೆ, ಸಂಜೆ ಇಡೀ ಊರೇ ಅಲ್ಲಿ ನಡೆಯುತ್ತದೆ.

ಊರಿನ ನಟ್ಟನಡುವೆ ಸಂತ ಸ್ಟೀಫನ್ನರ ಚರ್ಚು. ಹಾಸನ ಜಿಲ್ಲೆಯವರಿಗೆ ಇದನ್ನು ಒಂದು ಲೆಕ್ಕ ಹೇಳಿ ತೋರಿಸಬಹುದು. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಇಲ್ಲಿ ಮೊದಲ ಚರ್ಚಿಗೆ ಪೂಜೆಯಾಗಿದ್ದು 1147ರಲ್ಲಿ. ಮೂವತ್ತೇ ವರ್ಷದ ಅಂತರ. ಆಮೇಲೆ ಅದನ್ನು ಕಟ್ಟುತ್ತಾ, ಬದಲಿಸುತ್ತಾ ಹೋದರು. ದಕ್ಷಿಣದ ಗೋಪುರ ಮುಗಿದಿದ್ದು 1433ರಲ್ಲಿ, ಎತ್ತರ 136 ಮೀಟರ್. 343 ಮೆಟ್ಟಿಲು ಹತ್ತಿದರೆ ಊರೆಲ್ಲ ಕಾಣುತ್ತದೆ. ಶ್ರವಣಬೆಳಗೊಳದ ಬೆಟ್ಟ ಹತ್ತಿದವರಿಗೆ ಇದು ಕಷ್ಟವೇ ಅಲ್ಲ, ಆದರೆ ಸುತ್ತು ಮೆಟ್ಟಿಲು, ತುಂಬಾ ಇಕ್ಕಟ್ಟು, ತಲೆಸುತ್ತು ಇರುವವರು ಬೇಡ. 1945ರ ಏಪ್ರಿಲ್‌ನಲ್ಲಿ ಯುದ್ಧದ ಬೆಂಕಿಗೆ ಚಾವಣಿ ಸುಟ್ಟು, ತುರ್ಕರ ಫಿರಂಗಿ ಕರಗಿಸಿ ಎರಕ ಹೊಯ್ದಿದ್ದ ದೊಡ್ಡ ಗಂಟೆ ಬಿದ್ದು ಒಡೆಯಿತು. ಅದೇ ಚೂರುಗಳನ್ನು ಸೇರಿಸಿ 1951ರಲ್ಲಿ ಮತ್ತೆ ಗಂಟೆ ಎರಕ ಹೊಯ್ದರು. 20 ಟನ್ ಮೇಲೆ ತೂಗುವ ಆ ಗಂಟೆ ಈಗಲೂ ಹೊಸ ವರ್ಷಕ್ಕೆ ಬಾರಿಸುತ್ತದೆ. ಚರ್ಚಿನ ಮುಂದೆ ಮೊಜಾರ್ಟ್ ಕಾಲದ ವೇಷ ಹಾಕಿದವರು ಸಂಗೀತ ಕಛೇರಿಯ ಟಿಕೆಟ್ ಮಾರಲು ಬರುತ್ತಾರೆ. ಅವಸರಕ್ಕೆ ಕೊಳ್ಳಬೇಡಿ.

ಸಂಗೀತ ಬೇಕಾದರೆ ಸರ್ಕಾರಿ ಒಪೆರಾಕ್ಕೇ ಹೋಗಿ. 1869ರ ಕಟ್ಟಡ, 1945ರಲ್ಲಿ ಬಾಂಬು ಬಿದ್ದು ಹಾಳಾಗಿ 1955ರಲ್ಲಿ ಮತ್ತೆ ತೆರೆಯಿತು. ಕೂರುವ ಸೀಟು ದುಬಾರಿ, ಆದರೆ ನಿಂತು ನೋಡುವ ಟಿಕೆಟ್ ತುಂಬಾ ಅಗ್ಗ. ಜಾಗ ಹಿಡಿಯಲು ಮುಂದಿನ ಕಂಬಿಗೆ ಒಂದು ಶಾಲು ಕಟ್ಟಿ ಬರುತ್ತಾರೆ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕುವ ಹಾಗೆಯೇ. ಯಾರೂ ಅದನ್ನು ತೆಗೆಯುವುದಿಲ್ಲ. ನನಗೆ ಆ ಭಾಷೆ ಬರಲ್ಲ, ಆ ಸಂಗೀತದ ಲೆಕ್ಕವೂ ಗೊತ್ತಿಲ್ಲ, ಆದರೂ ಎರಡನೆಯ ಅಂಕದಲ್ಲಿ ಆ ಹೆಣ್ಣುಮಗಳು ಹಾಡಿದಾಗ ಕಣ್ಣಲ್ಲಿ ನೀರು ಬಂತು.

ಶೋನ್‌ಬ್ರುನ್ ಅರಮನೆಗೆ 1441 ಕೋಣೆ. ಆರು ವರ್ಷದ ಮೊಜಾರ್ಟ್ 1762ರಲ್ಲಿ ಮಹಾರಾಣಿ ಮರಿಯಾ ತೆರೇಸಾ ಮುಂದೆ ನುಡಿಸಿದ್ದು ಇಲ್ಲೇ. ಬೆಳಿಗ್ಗೆ ಬೇಗ ಹೋಗಿ. ತೋಟಕ್ಕೆ ಟಿಕೆಟ್ ಇಲ್ಲ, ಗುಡ್ಡದ ಮೇಲಿನ ಮಂಟಪದ ತನಕ ನಡೆದರೆ ಒಂದು ಬೆಳಗು ಹೋಗಿದ್ದೇ ಗೊತ್ತಾಗುವುದಿಲ್ಲ. ಚಿತ್ರಕಾರ ಕ್ಲಿಮ್ಟ್ ಬರೆದ 'ಮುತ್ತು' (ದಿ ಕಿಸ್) ಚಿತ್ರ ಬೆಲ್ವೆಡೇರ್ ಅರಮನೆಯಲ್ಲಿದೆ. ಬಂಗಾರದ ರೇಕು ಹಚ್ಚಿದ ಆ ಚಿತ್ರ ಫೋಟೋದಲ್ಲಿ ನೋಡುವುದೇ ಬೇರೆ, ಎದುರಿಗೆ ನಿಂತು ನೋಡುವುದೇ ಬೇರೆ.

ಪ್ರವಾಸಿಗರು ಹೋಗದ ಒಂದು ಜಾಗಕ್ಕೂ ಹೋಗಿ. ಕಾರ್ಲ್ ಮಾರ್ಕ್ಸ್ ಹೋಫ್ ಅಂತ, 1930ರಲ್ಲಿ ನಗರಸಭೆ ಕೆಲಸಗಾರರಿಗಾಗಿ ಕಟ್ಟಿಸಿದ ವಸತಿ. ಒಂದು ಕಿಲೋಮೀಟರ್‌ಗೂ ಉದ್ದ, ಒಳಗೆ ಅಂಗಳ, ಮರ, ಬಟ್ಟೆ ಒಗೆಯುವ ಮನೆ, ಮಕ್ಕಳ ಶಾಲೆ. ಈಗಲೂ ಆ ಊರಿನ ಅರ್ಧದಷ್ಟು ಜನ ನಗರಸಭೆಯ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ನಮ್ಮ ತೋಟಗಳಲ್ಲಿ ಕೆಲಸಗಾರರಿಗೆ ಕಟ್ಟಿದ ಲೈನ್ ಮನೆ ನೋಡಿದವಳು ನಾನು, ನಮ್ಮದೂ ನಾಲ್ಕು ಇವೆ. ಆ ಅಂಗಳದಲ್ಲಿ ನಿಂತಾಗ, ವಾಪಸ್ ಹೋಗಿ ಮೊದಲು ಅವುಗಳ ಚಾವಣಿ ಸರಿ ಮಾಡಿಸಬೇಕು ಅಂತ ನಮ್ಮನೆಯವರಿಗೆ ಹೇಳಿದೆ. ಮಳೆಗಾಲಕ್ಕೆ ಮುಂಚೆ ಮಾಡಿಸಿದೆವು ಕೂಡ.

ಸುಭಾಷ್ ಚಂದ್ರ ಬೋಸ್ ಚಿಕಿತ್ಸೆಗೆ ಅಂತ 1933ರಲ್ಲಿ ಬಂದಿಳಿದಿದ್ದೂ ಈ ಊರಿಗೇ. ಮುಂದೆ ಅವರ ಪತ್ನಿಯಾದ ಎಮಿಲಿ ಶೆಂಕಲ್ ಅವರ ಪರಿಚಯವಾಗಿದ್ದು 1934ರಲ್ಲಿ, ಇಲ್ಲೇ. ಟೂರ್ ಬಸ್ಸಿನಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ.

ಊಟದ ಚಿಂತೆ ಬೇಡ. ಮಾಂಸ ತಿನ್ನದವರಿಗೆ ಹಿಟ್ಟಿನ ಸಣ್ಣ ತುಂಡುಗಳಿಗೆ ಚೀಸ್ ಹಾಕಿದ ಶ್ಪೆಟ್ಸ್ಲೆ ಇದೆ, ಹರಿದ ಸಿಹಿ ದೋಸೆಯ ಹಾಗಿರುವ ಕೈಸರ್‌ಶ್ಮಾರ್ನ್ ಇದೆ. ಭಾನುವಾರ ಮಾತ್ರ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ, ಇಲ್ಲದಿದ್ದರೆ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಬೇಕಾಗುತ್ತದೆ.

ಆದ್ದರಿಂದ ಸಂಪಾದಕರೇ, ಮುಂದಿನ ಸಲ ನಿಮ್ಮ ಪುಟದಲ್ಲಿ ವಿಯೆನ್ನಾಕ್ಕೆ ಕನಿಷ್ಠ ನಾಲ್ಕು ದಿನ ಅಂತ ಬರೆಸಿ. ಏಳು ದೇಶ ನೋಡುವ ದುಡ್ಡಿನಲ್ಲಿ ಎರಡೇ ದೇಶ ನೋಡಲಿ, ಪರವಾಗಿಲ್ಲ. ಹೋಗುವ ನಮ್ಮ ಕಡೆಯವರು ಅರ್ಧ ಕೆಜಿ ಪುಡಿ, ಒಂದು ಫಿಲ್ಟರ್ ಚೀಲದಲ್ಲಿ ಹಾಕಿಕೊಳ್ಳಿ. ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರಿಗೆ ನಮ್ಮ ತೋಟದ ಅರೇಬಿಕಾದ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿ ಕೊಟ್ಟೆ. ಎರಡು ಗುಟುಕು ಕುಡಿದು, ಇದು ಯಾವ ಊರಿನದು ಅಂತ ಮಗಳ ಹತ್ತಿರ ಕೇಳಿಸಿದರು. ಭೂಪಟ ತೆರೆದು ಚಿಕ್ಕಮಗಳೂರು ತೋರಿಸಿದೆವು. ಕನ್ನಡಕ ಹಾಕಿಕೊಂಡು, ಪತ್ರಿಕೆಯ ಅಂಚಿನಲ್ಲಿ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು.

ಇಂತಿ,
ಮೂಡಿಗೆರೆ ತಾಲೂಕಿನ ಒಬ್ಬ ಕಾಫಿ ಬೆಳೆಗಾರ್ತಿ